ಗರಿಲೇಖನಿ ಬರೆದ ಪಟ್ಟಿ

ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಹೆಬ್ಬಾತಿನ ರೆಕ್ಕೆಯ ಗರಿಯಿಂದ ಮಾಡಿದ ಲೇಖನಿಯೊಂದಿತ್ತು. ಸೃಷ್ಟಿಗೆ ಮೊದಲೇ ದೇವರ ಮನಸ್ಸಿನಲ್ಲಿ ಮೂಡಿದ್ದ ಜೀವಿಗಳ ಹೆಸರುಗಳನ್ನೆಲ್ಲ ತಾನು ಬರೆಯುತ್ತಿದ್ದೇನೆಂದು ಅದು ಬೀಗುತ್ತಿತ್ತು. ದೇವದೂತ, ಸಿಂಹ, ಗರುಡ, ಗುಲಾಬಿ ಎಂದು ಬರೆದು ಕೊನೆಗೆ ಗೆರೆ ಎಳೆಯಿತು.

ಪುಟದ ಅಂಚಿನಲ್ಲಿದ್ದ ಪುಸ್ತಕದ ಹುಳು ಅಂಜುತ್ತ ಕೇಳಿತು: "ಸ್ವಾಮಿ, ನನ್ನ ಹೆಸರು ಇದೆಯೇ?"

"ನಿನ್ನಂಥ ಕ್ಷುದ್ರ ಹುಳುವನ್ನು ದೇವರು ಏಕೆ ನೆನೆದಾನು? ನೀನು ಧೂಳಿನಲ್ಲಿ ತಾನಾಗಿ ಹುಟ್ಟಿದ್ದು."

"ಹಾಗಾದರೆ ನಾನು ಇರಲೇಬಾರದಿತ್ತು" ಎಂದು ಹುಳು ತಲೆತಗ್ಗಿಸಿ ಹೊರಟಿತು. ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿತು. "ಹೆಬ್ಬಾತಿನ ಹೆಸರು ಬರೆದಿರಾ? ನೀವಾದರೂ ಬಿಟ್ಟುಹೋಗಬಾರದೆಂದು ಕೇಳಿದೆ."

ಲೇಖನಿ ಪಟ್ಟಿಯನ್ನು ಮೊದಲಿನಿಂದ ಓದಿತು. ಹೆಬ್ಬಾತು ಇರಲಿಲ್ಲ. ತನ್ನನ್ನು ಬೆಳೆಸಿದ ಹಕ್ಕಿಯನ್ನೇ ಅದು ಮರೆತಿತ್ತು. ನಾಚಿಕೆಯಿಂದ ಅದು ತುದಿ ತಗ್ಗಿಸಿತು; ಶಾಯಿ ಪುಟದ ಮೇಲೆ ತೊಟ್ಟಿಕ್ಕಿತು.

"ತಾಳು!" ಎಂದಿತು ಲೇಖನಿ. "ಈ ಪಟ್ಟಿಯಲ್ಲಿರುವುದು ದೇವರ ಮನಸ್ಸಲ್ಲ, ನನ್ನ ಮನಸ್ಸು. ಮರೆತದ್ದು ನಾನು, ಅವನಲ್ಲ. ಅವನು ನೆನೆಯದೆ ಇದ್ದಿದ್ದರೆ ನೀನು ಹುಟ್ಟಿ ಬಂದು ಹೀಗೆ ಕೇಳುತ್ತಲೇ ಇರಲಿಲ್ಲ."

ಅಷ್ಟರಲ್ಲಿ ಹುಳು ಗೋಡೆಯ ಬಿರುಕಿನೊಳಗೆ ಸೇರಿಹೋಗಿತ್ತು. ಕ್ಷುದ್ರವೆಂಬ ಮೊದಲಿನ ಮಾತು ಅದಕ್ಕೆ ಕೇಳಿಸಿತ್ತು, ಈ ಮಾತು ಕೇಳಿಸಲಿಲ್ಲ.