ಕರಿಬಂಡೆಯ ಕೆಳಗೆ

ಹೊಳೆಯ ಮೇಲಿನ ಗುಡ್ಡದಲ್ಲಿ ಒಂದು ಮಠ. ನೀರಿಗೆ ಕೆಳಗಿಳಿಯಬೇಕು. ಹೋದ ಮಳೆಗಾಲದಲ್ಲಿ ಕೊಡ ಹೊತ್ತು ಇಳಿದ ಶಿಷ್ಯ ಈರಯ್ಯ ಹೊಳೆಪಾಲಾದ.

ಅವನ ಜೊತೆಗಾರ ಚಂದ್ರಾಮ ಅಂಗಳದಲ್ಲಿ ಬಾವಿ ತೋಡತೊಡಗಿದ. ಇನ್ನು ಯಾರೂ ಆ ಹೊಳೆಗೆ ಇಳಿಯಬಾರದು.

ಆಳದಲ್ಲಿ ಹಾರೆ ಖಣ್ ಎಂದಿತು. ಆ ಸೀಮೆಯ ರೂಢಿಯಂತೆ ಅವನು ಬಂಡೆಗೆ ಅರಿಶಿನ ಹಚ್ಚಿ, ಕಾಯಿ ಒಡೆದು, ಮೇಲೆ ಬಂದ.

“ತಾಯಿಬಂಡೆ ಹತ್ತೇತ್ರಿ ಅಜ್ಜಾ. ಇದರ ಕೆಳಗ ಏನೂ ಇಲ್ಲ. ಮುಚ್ಚಿಬಿಡೋಣ.”

ಗುರು ನಿರ್ವಾಣಯ್ಯ ಕೇಳಿದರು: “ಎಂಥಾ ಕಲ್ಲು ಅದು?”

“ಕರೀ ಕಲ್ರಿ.”

“ನಮ್ಮ ಎಮ್ಮೀನೂ ಕರೇದ. ಕಲ್ಲು ಎಂಥಾದು?”

ಚಂದ್ರಾಮ ಒಂದು ಚೂರನ್ನು ಒಡೆದು ಬಿಸಿಲಿಗೆ ಹಿಡಿದ. “ಭಾಳ ಭಾರ ಅದ. ಹರಳು ಕಣ್ಣಿಗೆ ಕಾಣೂದಿಲ್ಲ, ಅಷ್ಟು ಸಣ್ಣ.”

“ಸಕ್ಕರಿ ಪಾಕ ನಿಧಾನ ಆರಿದರ ಹರಳು ದೊಡ್ಡವು. ಗಡಬಡಿಸಿ ಆರಿದರ?”

“ಸಣ್ಣವು. ಹಂಗಾದರ... ಇದೂ ಕುದ್ದು ಹರಿದದ್ದೇನ್ರಿ?”

“ಕುದ್ದಿದ್ದರ ನೊರಿ ಎಲ್ಲಿ? ಹುಡುಕು, ಹೋಗು.”

ಹುಡುಕುತ್ತ ಚಂದ್ರಾಮ ಹೊಳೆಗೆ ಬಂದ. ಈರಯ್ಯ ಹೋದ ಮೇಲೆ ಅವನು ಅತ್ತ ಮುಖ ಹಾಕಿರಲಿಲ್ಲ. ಕಡಿದಾದ ದಡದಲ್ಲಿ ಮೇಲೆ ಗಟ್ಟಿ ಕರಿಕಲ್ಲು. ಅದರಡಿ ಸುಟ್ಟ ಇಟ್ಟಿಗೆಯಂಥ ಕೆಂಪು ಮಣ್ಣಿನ ಪಟ್ಟಿ. ಅದರಡಿ ಮತ್ತೆ ಕರಿಕಲ್ಲು, ಮೈತುಂಬ ತೂತು. ಆ ತೂತುಗಳಿಂದ ನೀರು ಒಸರುತ್ತಿತ್ತು.

ಅವನು ಗುಡ್ಡ ಹತ್ತಿದ್ದು ಓಡಿಕೊಂಡೇ.

“ಅಜ್ಜಾ! ಕುದ್ದ ಕಲ್ಲು ಒಮ್ಮೆ ಹರಿದು ಸುಮ್ಮನಾಗಿಲ್ರಿ! ಒಂದು ಹರಿದು ಆರೇದ, ಮ್ಯಾಲೆ ಮಣ್ಣು ಕೂಡೇದ, ಆಮ್ಯಾಲೆ ಇನ್ನೊಂದು ಬಂದದ. ನಾ ನಿಂತದ್ದು ಮ್ಯಾಲಿನದರ ಹೊಟ್ಟಿ ಮ್ಯಾಲೆ. ಕೆಳಗಿನದರ ನೊರಿ ತೂತಾಗಿ ಇನ್ನೂ ಕೆಳಗ ಅದ, ನೀರು ಅದರಾಗ ಅದ!”

“ಮತ್ತ ಕಾಯಿ ಒಡದು ಕೈ ಮುಗದು ಬಂದಿದ್ದೆಲ್ಲ?”

“ತಪ್ಪಾತ್ರಿ.”

“ನನಗ್ಯಾಕ ಹೇಳತಿ? ಹಾರೆ ಹಿಡಿ.”

ಬಂಡೆ ಸುಲಭಕ್ಕೆ ಬಗ್ಗಲಿಲ್ಲ. ಚಂದ್ರಾಮನೂ ಬಗ್ಗಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಕೆಂಪು ಮಣ್ಣು ಮೇಲೆ ಬಂತು. ಮರುದಿನ ತೂತುಗಲ್ಲು. ಅದರ ಹಿಂದೆಯೇ ನೀರು, ಪಾದಕ್ಕೆ, ಮೊಣಕಾಲಿಗೆ.

ಮಠದ ಗಂಟೆ ಮೊಳಗಿತು. ಜನ ಕೊಡ ಹಿಡಿದು ಗುಡ್ಡ ಹತ್ತಿದರು. “ಬಂಡೆ ಸೀಳ್ಯಾನೋ ನಮ್ಮ ಚಂದ್ರಾಮ!” ಎಂದು ಅವನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಅವನೂ ಬಾಯಿ ತುಂಬ ನಕ್ಕ.

ಅವನು ಇಳಿದು ಬಂದು ಗುರುವಿನ ಮುಂದೆ ನಿಂತ. “ಮೊದಲನೇ ಬೊಗಸಿ ಈರಯ್ಯ ಕುಡೀಬೇಕಿತ್ರಿ, ಅಜ್ಜಾ.”

ನಿರ್ವಾಣಯ್ಯ ಒದ್ದೆ ತೂತುಗಲ್ಲೊಂದನ್ನು ಅವನ ಅಂಗೈಯಲ್ಲಿಟ್ಟರು.

“ಉಸಿರು ಹೋದ ಜಾಗದಾಗ ನೀರು ನಿಂತದ, ಮಗಾ. ಕೊಡ ಎತ್ತು, ಎಲ್ಲಾರಿಗೂ ಬಾಯಾರೇದ.”