ಓಕ್ ಮರದ ಒಕ್ಕಲು

ಓಕ್ ಮರದ ಪೊಟರೆಯಲ್ಲಿ ಒಕ್ಕಲಿದ್ದ ಅಳಿಲು ಸತ್ತಿತು. ಒಕ್ಕಲು ಸತ್ತರೆ ಮನೆಯ ಅತಿ ಶ್ರೇಷ್ಠ ವಸ್ತುವನ್ನು ಒಡೆಯನಾದ ಮರಕ್ಕೆ ಒಪ್ಪಿಸಬೇಕು, ಇಲ್ಲವೇ ಪೊಟರೆ ಬಿಡಬೇಕು ಎಂಬುದು ಅಲ್ಲಿನ ಪದ್ಧತಿ. ಅಳುವವರಿಗೆ ಏನಾದರೂ ಕೆಲಸವಿರಲಿ ಎಂದು ಹಿರಿಯರು ಮಾಡಿದ್ದಿರಬೇಕು.

ಪಾರುಪತ್ಯಗಾರ ಕಾಗೆ ಚೀಲ ಹಿಡಿದು ಬಂದು, “ಏನಮ್ಮ, ಏನು ಕೊಡುತ್ತೀ?” ಎಂದಿತು.

ವಿಧವೆ ಅಳಿಲು ತನ್ನ ಮಗುವನ್ನೆತ್ತಿಕೊಂಡು ಮರದ ಕಡೆ ತಿರುಗಿತು. “ಕಾಯಿ ಕೊಟ್ಟು ಸುಳ್ಳು ಹೇಳಲಾರೆ, ಒಡೆಯಾ. ನಮ್ಮಲ್ಲಿ ಶ್ರೇಷ್ಠವಾದದ್ದು ಈ ಮಗು. ಪೊಟರೆಯನ್ನೇ ಬಿಡುತ್ತೇನೆ.”

“ಬೇಡ. ಮಗು ನನ್ನದಾಯಿತು,” ಎಂದಿತು ಮರ.

ತಾಯಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಿತು.

“ನನ್ನ ಸೊತ್ತು ನನ್ನ ಪೊಟರೆಯಲ್ಲೇ ಇರಬೇಕು. ಹಾಲೂಡಿಸುವುದು ನನಗೆ ಬಾರದು. ಕಾಗೆ, ಅದಕ್ಕೆ ಇವಳನ್ನೇ ನೇಮಿಸು.”

“ಪದ್ಧತಿಗೆ ಸರಿಯಾಗಿದೆ,” ಎಂದ ಕಾಗೆ ಚೀಲವನ್ನು ಮಗುವಿಗೆ ಹೊದಿಸಿ ಹಾರಿಹೋಯಿತು.