ಕೊನೆಯ ಗದ್ದೆಯ ನೀರು

“ಗುರುಗಳೇ, ಸಂವಿಧಾನವನ್ನು ಕಾಯಬೇಕಾದವರು ಯಾರು? ಶಾಸನ ಮಾಡುವ ಸಭೆಯೋ, ತೀರ್ಪು ಕೊಡುವ ನ್ಯಾಯಾಲಯವೋ?” ಎಂದು ಕಾನೂನು ಓದಿ ಬಂದಿದ್ದ ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಂದೂರಿನ ಕೆರೆಯ ತೂಬಿನ ಬಳಿ ಹಿಂದಿನವರು ಒಂದು ಕಲ್ಲು ನೆಟ್ಟಿದ್ದರು. ಕೊನೆಯ ಗದ್ದೆ ನೆನೆಯುವ ತನಕ ಮೊದಲ ಗದ್ದೆಗೆ ನೀರು ತಿರುಗಿಸಕೂಡದು ಎಂದು ಅದರ ಮೇಲೆ ಕೆತ್ತಿತ್ತು. ಕೆತ್ತಿಸಿದವರು ದಡ್ಡರಲ್ಲ. ತೂಬಿನ ಪಕ್ಕದಲ್ಲಿ ಗದ್ದೆ ಇರುವವನಿಗೆ ಕಲ್ಲಿನ ಹಂಗು ಬೇಡ, ದೂರ ಇರುವವನಿಗೆ ಅದೊಂದೇ ದಿಕ್ಕು ಎಂದು ಅವರಿಗೆ ಗೊತ್ತಿತ್ತು.

ಪ್ರತಿ ವರ್ಷ ಊರಿನ ಸಭೆ ಸೇರಿ ನೀರಿನ ಸರದಿ ಗೊತ್ತುಮಾಡುತ್ತಿತ್ತು. ಆ ಸರದಿ ಕಲ್ಲಿನ ಮಾತಿಗೆ ವಿರುದ್ಧವಾಗಿದ್ದರೆ ತಡೆಯಲು ನ್ಯಾಯದ ಹಿರಿಯನೊಬ್ಬನಿದ್ದ. ತಡೆಯುವುದಕ್ಕೆ ಅವನು ಕೂಗಾಡಬೇಕಿರಲಿಲ್ಲ. ತನ್ನ ಕೈಕೋಲನ್ನು ತೂಬಿನ ಮೇಲೆ ಅಡ್ಡ ಇಟ್ಟರೆ ಸಾಕು, ಅದನ್ನು ಸರಿಸಿ ಯಾರೂ ತೂಬು ತೆರೆಯುತ್ತಿರಲಿಲ್ಲ.

ಒಂದು ವರ್ಷ ಕೆರೆ ಅರ್ಧವೇ ತುಂಬಿತು. ಸಭೆಯಲ್ಲಿ ಮೇಲಿನ ಗದ್ದೆಯವರೇ ಹೆಚ್ಚು. ಇದೊಂದು ವರ್ಷ ಮೊದಲ ಗದ್ದೆಯಿಂದಲೇ ಸರದಿ ಶುರುವಾಗಲಿ ಎಂದು ಗೊತ್ತುಮಾಡಿದರು. ವಾಡಿಕೆಯಂತೆ ಒಬ್ಬೊಬ್ಬರೂ ಬಂದು ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮುಟ್ಟಿದವರಿಗೆಲ್ಲ ಓದಲು ಬರುತ್ತಿತ್ತು. ಒಬ್ಬಿಬ್ಬರಿಗೆ ಅಳುಕಿತ್ತು. ತಪ್ಪಿದ್ದರೆ ಹಿರಿಯ ಕೋಲು ಇಡುತ್ತಾನೆ ಬಿಡು ಎಂದು ಅವರೂ ಮನೆಗೆ ಹೋದರು.

ಹಿರಿಯ ಕೋಲು ಇಡಲಿಲ್ಲ. ಕಲ್ಲಿನ ಮಾತು ಅವನಿಗೆ ಬಾಯಿಪಾಠ. ಆದರೂ ಇಡೀ ಊರು ಸೇರಿ ಮಾಡಿದ್ದನ್ನು ನಾನೊಬ್ಬ ಮುರಿಯುವುದೇ, ತಪ್ಪಿದ್ದರೆ ಸಭೆಯೇ ತಿದ್ದಿಕೊಂಡೀತು ಎಂದುಕೊಂಡ. ಮೇಲಿನ ಗದ್ದೆಗಳಲ್ಲಿ ಒಂದು ಅವನ ಬೀಗರದು. ಅದಕ್ಕೂ ತನ್ನ ಯೋಚನೆಗೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಕೊನೆಯ ಗದ್ದೆ ಒಬ್ಬ ಹೆಂಗಸಿನದು. ಅವಳು ಮೊದಲು ಸಭೆಯ ಯಜಮಾನನ ಬಾಗಿಲಿಗೆ ಹೋದಳು. ಅವನು, ಸರಿ ತಪ್ಪು ಹೇಳುವುದು ಹಿರಿಯನ ಕೆಲಸ, ಅಲ್ಲಿಗೆ ಹೋಗು ಎಂದ. ಹಿರಿಯ, ಹುಣ್ಣಿಮೆ ಕಳೆಯಲಿ, ವಿಚಾರಿಸೋಣ ಎಂದ. ಹುಣ್ಣಿಮೆ ಕಳೆದ ಮೇಲೆ ಬಂದಳು. ಅಮಾವಾಸ್ಯೆ ಕಳೆಯಲಿ ಎಂದ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಇಲ್ಲಿ ಬೇಲಿ ಮೇಯಲಿಲ್ಲ. ಎರಡು ಬೇಲಿಗಳೂ ಒಂದನ್ನೊಂದು ನಂಬಿ ಮಲಗಿದ್ದವು.

ಅಮಾವಾಸ್ಯೆ ಕಳೆಯಿತು. ಅವಳು ಬರಲಿಲ್ಲ. ಹಿರಿಯನಿಗೆ ಅನ್ನ ರುಚಿಸದಾಯಿತು. ಕೋಲು ಹಿಡಿದು ಅವನೇ ಕೊನೆಯ ಗದ್ದೆಗೆ ಹೋದ. ತೆನೆ ಬಾರದೆ ಒಣಗಿದ ಭತ್ತದ ಪೈರನ್ನು ಅವಳು ದನಕ್ಕೆಂದು ಕೊಯ್ಯುತ್ತಿದ್ದಳು. ಅವನನ್ನು ಕಂಡು ಕುಡುಗೋಲು ಕೆಳಗಿಟ್ಟು, ಕೂರಲು ಗೋಣಿಚೀಲ ಹಾಸಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

“ಸಭೆಯವರು ತಿದ್ದಿಕೊಳ್ತಾರೆ ಅಂದ್ಕೊಂಡಿದ್ದೆ ತಾಯಿ,” ಎಂದ.

“ನೀವು ತಡೀತೀರಿ ಅಂತ ಅವರಂದ್ರು ಸ್ವಾಮಿ. ಎರಡು ಕಡೆಗೂ ಅಲೆದೆ. ಅಷ್ಟರಲ್ಲಿ ಪೈರೇ ಹೋಯ್ತು.”

ಹಿರಿಯನಿಗೆ ತಲೆ ಎತ್ತಲಾಗಲಿಲ್ಲ. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಂದಿನಿಂದ ಆಗಿರಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಕಾಲಡಿಯ ಭೂಮಿ ಆಗಲೇ ಬಾಯಿಬಿಟ್ಟಿತ್ತು. ಗೋಣಿಚೀಲದ ಮೇಲೆ ಕೂರದೆ, ಅಲ್ಲಿಂದ ನೇರ ತೂಬಿಗೆ ಹೋಗಿ ಕೋಲನ್ನು ಅಡ್ಡ ಇಟ್ಟ. ತಡೆಯಲು ಕೆರೆಯಲ್ಲಿ ನೀರಿರಲಿಲ್ಲ.

ಗುರು ಕತೆ ನಿಲ್ಲಿಸಿದರು.

“ತಪ್ಪು ಇಬ್ಬರದೂ ಹೌದು. ಆದರೂ ಗುರುಗಳೇ, ಮೊದಲ ಹೊಣೆ ಯಾರದು? ಸಭೆಯದೋ, ಹಿರಿಯನದೋ?”

ಗುರು ಅವನ ಮುಖ ನೋಡಿದರು.

“ಅವಳು ಕೇಳಿದ್ದು ಅದನ್ನಲ್ಲಪ್ಪ, ನೀರನ್ನು.”